ಲಿಮಾಕ್ಕೆ ಹೋಗದ ರಾಮಪ್ರಸಾದರು

ಲಿಮಾ ನಗರದಲ್ಲಿ ಏನೇನು ನೋಡಬೇಕು ಎಂದು ನನ್ನ ಗಂಡ ರಾಮಪ್ರಸಾದರನ್ನು ಕೇಳಿ. ಕೈಯಲ್ಲಿರುವ ಕಾಫಿ ಆರಿಹೋಗುವವರೆಗೂ ಹೇಳುತ್ತಾರೆ. ಅದು ಪೆರು ದೇಶದ ರಾಜಧಾನಿ. ನಾವಿರುವುದು ಜಪಾನಿನ ತ್ಸುಕುಬಾದಲ್ಲಿ. ನಡುವೆ ಇಡೀ ಪೆಸಿಫಿಕ್ ಸಾಗರ. ಅದನ್ನು ಇವರು ಒಮ್ಮೆಯೂ ದಾಟಿಲ್ಲ.

ಮೈಸೂರಿನವರು. ಮಗಳು ಸ್ಪಂದನಾ ಹುಟ್ಟುವ ಮೊದಲೇ ಇಲ್ಲಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಬಂದರು. ಗೋಡೆ ಕಟ್ಟುವುದು, ಆಮೇಲೆ ಯಂತ್ರದ ಮೇಲಿಟ್ಟು ಭೂಕಂಪ ಬಂದಂತೆ ಅಲುಗಾಡಿಸಿ ಬೀಳಿಸುವುದು, ಇದೇ ಕೆಲಸ. ಯಾವ ಗೋಡೆ ತಡವಾಗಿ ಬೀಳುತ್ತದೋ ಅದರ ಮೇಲೆ ಇವರಿಗೆ ಪ್ರೀತಿ ಜಾಸ್ತಿ. ಸೈಕಲ್ಲಿನಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ ಬೆಲ್ ಹೊಡೆದರೆ ಪಕ್ಕಕ್ಕೆ ಸರಿದು ತಾವೇ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಾರೆ. ಇಂಥವರನ್ನು ಕಟ್ಟಿಕೊಂಡವಳ ಪಾಡು ನೀವೇ ಊಹಿಸಿ.

ಗುರುವಾರ ಬೆಳಗ್ಗೆ ನಮ್ಮ ಊಟದ ಮೇಜಿನಿಂದಲೇ ಲಿಮಾದ ಎಂಜಿನಿಯರುಗಳ ಜೊತೆ ವಿಡಿಯೊ ಕರೆ. ಅಲ್ಲಿ ಆಗ ಬುಧವಾರದ ಸಂಜೆ. ಹಳೆಯ ಮಣ್ಣಿನ ಮನೆಗಳನ್ನು ಭೂಕಂಪಕ್ಕೆ ಜಗ್ಗದಂತೆ ಗಟ್ಟಿ ಮಾಡುವುದು ಹೇಗೆ ಎಂದು ಇವರು ವರ್ಷಗಟ್ಟಲೆ ಅವರಿಗೆ ಹೇಳಿಕೊಡುತ್ತಾ ಬಂದಿದ್ದಾರೆ. ಆ ಕಡೆಯ ಮುಖ್ಯಸ್ಥೆ ಲುಸಿಯಾ, ನೆರೆತ ಕೂದಲಿನ ಬಾಯಿಬಡುಕಿ. ಕೆಲಸ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಊರಿನ ಪುರಾಣ ತೆಗೆಯುತ್ತಿದ್ದಳು. ನಾನು ದೋಸೆ ಹುಯ್ಯುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಸಮುದ್ರದ ಮೇಲೆ ಕಡಿದಾಗಿ ನಿಂತ ದಿಬ್ಬದ ಅಂಚಿನಲ್ಲೇ ಉದ್ಯಾನಗಳಿವೆಯಂತೆ. ಇಗರ್ಜಿಯ ನೆಲಮಾಳಿಗೆಯಲ್ಲಿ ಸತ್ತವರ ಮೂಳೆಗಳನ್ನು ರಂಗೋಲಿಯ ಹಾಗೆ ಸುತ್ತಲೂ ಜೋಡಿಸಿದ್ದಾರಂತೆ. ಬರ್ರಾಂಕೊ ಎಂಬಲ್ಲಿ ಒಂದು ಮರದ ಸೇತುವೆ, ಮೊದಲ ಸಲ ಉಸಿರು ಬಿಗಿಹಿಡಿದು ದಾಟಿದರೆ ಅಂದುಕೊಂಡದ್ದು ಆಗುತ್ತದಂತೆ. ಕುಂಬಳ, ಗೆಣಸು ಕಲಸಿದ ಹಿಟ್ಟನ್ನು ಉದ್ದಿನವಡೆಯಂತೆ ತೂತು ಮಾಡಿ ಕರಿದು, ಬೆಲ್ಲದ ಪಾಕ ಸುರಿದು ಬೀದಿಯಲ್ಲೇ ಕೊಡುತ್ತಾರಂತೆ. ನನ್ನ ಕಣ್ಣು ಆ ವಡೆಯ ಮೇಲಿತ್ತು.

ಇವರ ಕಣ್ಣು ಊರ ನಡುವೆಯೇ ಇರುವ ವಾಕಾ ಪುಕ್ಯಾನಾ ಎಂಬ ಪುರಾತನ ಮಣ್ಣಿನ ಪಿರಮಿಡ್ಡಿನ ಮೇಲೆ.

“ಇಟ್ಟಿಗೆ ಮಲಗ್ಸಿಲ್ಲ ವಸು, ಕಪಾಟಲ್ಲಿ ಪುಸ್ತಕ ಇಟ್ಟ ಹಾಗೆ ನಿಲ್ಲಿಸಿದಾರೆ. ನಡುವೆ ಜಾಗ ಬಿಟ್ಟಿದಾರೆ. ಭೂಮಿ ನಡುಗಿದ್ರೆ ಅವೂ ಸ್ವಲ್ಪ ನಡುಗಿ ಸುಮ್ಮನಾಗ್ತವೆ. ಸಾವಿರ ವರ್ಷದ ಮೇಲಾಯ್ತು! ಒಂದೇ ಒಂದ್ಸಲ ಅದನ್ನ ಮುಟ್ಟಿ ನೋಡ್ಬೇಕು.”

ಪ್ರತಿ ಕರೆಯ ಕೊನೆಗೂ ಲುಸಿಯಾ, “ನೀನು ಬಾ ರಾಮಾ, ನಾನೇ ಕೈಹಿಡಿದು ತೋರಿಸುತ್ತೇನೆ” ಎನ್ನುತ್ತಿದ್ದಳು. ಇವರ ಮುಖ ಅರಳುತ್ತಿತ್ತು.

ಹೋದ ವಸಂತದಲ್ಲಿ ಆ ಕಾಲ ಬಂದೇಬಂತು. ಲಿಮಾಕ್ಕೆ ಎರಡು ವಾರದ ಮಟ್ಟಿಗೆ ಒಬ್ಬರನ್ನು ಕಳಿಸುವುದೆಂದು ತೀರ್ಮಾನವಾಗಿ, ಮೇಲಧಿಕಾರಿ ಒಕಾಡಾ ಸಾನ್ ಸಭೆಯಲ್ಲಿ ಎಲ್ಲರೆದುರು ಇವರನ್ನೇ ಮೊದಲು ಕೇಳಿದರು.

ಮೈಸೂರಿನ ಉಪಚಾರ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಯಾರ ಮನೆಗಾದರೂ ಹೋದಾಗ ಕಾಫಿ ಎಂದರೆ ‘ಅಯ್ಯೋ, ಈಗ ತಾನೇ ಆಯಿತು’ ಎನ್ನಬೇಕು. ಅವರು ‘ಅರ್ಧ ಲೋಟ’ ಎಂದು ಬಲವಂತ ಮಾಡಬೇಕು. ಆಮೇಲೆ ಪೂರ್ತಿ ಲೋಟ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ನನ್ನ ಗಂಡ ಲಿಮಾವನ್ನೂ ಹಾಗೆಯೇ ಸ್ವೀಕರಿಸಲು ಹೊರಟರು. “ಛೆ, ನನಗೇನು ಅವಸರ, ಚಿಕ್ಕವರು ಹೋಗಲಿ” ಎಂದು ಶುದ್ಧ ಜಪಾನಿಯಲ್ಲಿ ಹೇಳಿ ಬಲವಂತಕ್ಕಾಗಿ ಕಾದು ಕುಳಿತರು. ಬೇಡ ಎಂದವರನ್ನು ಮತ್ತೆ ಕೇಳಿ ಮುಜುಗರಕ್ಕೆ ಒಳಪಡಿಸಬಾರದು ಎಂಬುದು ಒಕಾಡಾ ಸಾನ್ ಅವರ ಮರ್ಯಾದೆ. ಅವರು ಗೌರವದಿಂದ ತಲೆ ಬಾಗಿಸಿ ಮೋಹಿತ್ ಕಡೆ ತಿರುಗಿದರು. ಮೋಹಿತ್ ಬೆಂಗಳೂರಿನಿಂದ ಹೊಸದಾಗಿ ಬಂದ ಇವರ ಕಿರಿಯ ಸಹೋದ್ಯೋಗಿ. “ಶ್ಯೂರ್” ಎಂದುಬಿಟ್ಟ.

“ಹೂಂ ಅನ್ನೋಕೆ ಏನಾಗಿತ್ತು ನಿಮಗೆ?” ಎಂದು ನಾನು ಕೂಗಾಡಿದೆ.

“ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ.”

ಸ್ಪಂದನಾ ಫೋನಿನಿಂದ ತಲೆ ಎತ್ತಿದಳು. “ಅಪ್ಪಾ, ದೆ ಆಸ್ಕ್ ಓನ್ಲಿ ಒನ್ಸ್. ಎವ್ರಿಬಡಿ ನೋಸ್ ದಟ್.”

ಮರುದಿನವೇ ಮೋಹಿತ್ ಮನೆಗೆ ಬಂದ. “ಸರ್, ಅಲ್ಲಿ ಏನೇನ್ ನೋಡ್ಬೇಕು ಹೇಳ್ಬಿಡಿ. ಯು ಆರ್ ದಿ ಎಕ್ಸ್‌ಪರ್ಟ್.” ಇವರು ಹೇಳಿದರು. ಒಂದೊಂದು ಹೆಸರು ಹೇಳುವಾಗಲೂ ಹಲ್ಲು ಕಿತ್ತುಕೊಡುವವರ ಹಾಗೆ ಮುಖ ಮಾಡುತ್ತಿದ್ದರು. ಸಾಲದೆಂಬಂತೆ ನನ್ನ ಕಡೆ ತಿರುಗಿ, “ಅಲ್ಲಿ ಸಸ್ಯಾಹಾರ ಕಷ್ಟ, ಇವನಿಗೆ ಚಟ್ನಿಪುಡಿ ಮಾಡ್ಕೊಡು” ಎಂದರು. ಮಾಡಿದೆ. ಮೆಣಸಿನಕಾಯಿ ಒಂದು ಹಿಡಿ ಹೆಚ್ಚಿಗೇ ಹಾಕಿದೆ, ಉರಿಯಲಿ ಎಂದು.

ಆಮೇಲೆ ಫೋಟೊಗಳು ಬರತೊಡಗಿದವು. ದಿಬ್ಬದ ಅಂಚಿನಲ್ಲಿ ತೋಳು ಚಾಚಿದ ಮೋಹಿತ್, ಸೇತುವೆಯ ಮೇಲೆ ಕೆನ್ನೆ ಉಬ್ಬಿಸಿ ಉಸಿರು ಹಿಡಿದ ಮೋಹಿತ್, ಪಾಕ ಸುರಿದ ನನ್ನ ವಡೆ ಕಚ್ಚುತ್ತಿರುವ ಮೋಹಿತ್. ಇವರು ಫೋನು ಕೆಳಗಿಡುತ್ತಿದ್ದರು, ಮತ್ತೆ ಎತ್ತಿಕೊಳ್ಳುತ್ತಿದ್ದರು. ಹದಿನೈದು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಇವರು ಒಬ್ಬರ ಬಗ್ಗೆ ಕೆಟ್ಟ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ವಾರ ಕೇಳಿದೆ.

“ಅವನಿಗೆ ಇಟ್ಟಿಗೆ ಯಾವುದು, ಇಡ್ಲಿ ಯಾವುದು ಗೊತ್ತಿಲ್ಲ ವಸು. ನಗು ನೋಡು, ನಗು! ಅವರಪ್ಪ ಕಟ್ಟಿಸಿದ ಊರು!”

ಹೊಟ್ಟೆಕಿಚ್ಚು ಎಂದರೆ ಏನು ಎಂದು ಇವರಿಗೆ ಆಗ ತಿಳಿಯಿತು. ನನಗೆ ತಿಳಿದದ್ದು ಮುಂದಿನ ಫೋಟೊ ಬಂದಾಗ. ಲುಸಿಯಾ ಮತ್ತವಳ ಬಳಗ ಬೇಯಿಸಿದ ಆಲೂಗಡ್ಡೆಯ ಮೇಲೆ ನನ್ನ ಚಟ್ನಿಪುಡಿ ಉದುರಿಸಿಕೊಂಡು, ಬಟ್ಟಲು ಎತ್ತಿ ಹಿಡಿದು ನಗುತ್ತಿದ್ದರು. ಮೆಣಸಿನಕಾಯಿಯ ದೇಶವಂತೆ ಅದು. ಅವರಿಗೆ ಉರಿಯಲೇ ಇಲ್ಲ, ಉರಿದದ್ದೆಲ್ಲ ನನಗೇ. ನಾನು ಹುರಿದು ಕುಟ್ಟಿದ ಪುಡಿ ಕೂಡ ಲಿಮಾ ನೋಡಿತು.

ಮೋಹಿತ್ ವಾಪಸ್ ಬಂದವನು ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಚಾಕಲೇಟು ಹಂಚಿದ, ಇಲ್ಲಿನ ಪದ್ಧತಿಯಂತೆ. ಇವರು ತಡೆಯಲಾರದೆ ಕೇಳಿದರು, “ವಾಕಾ ನೋಡಿದ್ಯೇನಪ್ಪಾ?”

“ಹೋಗಿದ್ದೆ ಸರ್, ಅವತ್ತು ಕ್ಲೋಸ್ ಇತ್ತು. ಬೇಲಿ ಹತ್ರದಿಂದ ನೋಡ್ದೆ. ಮಣ್ಣಿನ ಗುಡ್ಡೆ ಅಷ್ಟೇ ಸರ್, ನೀವೇನೂ ಮಿಸ್ ಮಾಡ್ಕೊಂಡಿಲ್ಲ.”

ಅಂದು ಮನೆಗೆ ಬಂದು ಇವರು ಊಟ ಮಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಗುರುವಾರ ಬಂತು. ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ತೆರೆಯಲ್ಲಿ ಲುಸಿಯಾ ಬಂದಳು, ಹಿಂದೆ ನಾಲ್ಕೈದು ಜನ. ಇವರ ಮುಖ ನೋಡಿ, ಇವರ ಹೆಗಲಿನಾಚೆ ಹುಡುಕುತ್ತಾ ಕೇಳಿದಳು, “ಮೋಹಿತ್ ಎಲ್ಲಿ?”

“ಅವನು ಆಫೀಸಿನಲ್ಲಿರುತ್ತಾನೆ. ಈ ಕರೆ ಯಾವಾಗಲೂ ನನ್ನದೇ ಅಲ್ಲವೇ” ಎಂದರು ಇವರು.

“ಹೌದು ಹೌದು. ರಾಮಾ, ನಾನು ನಿನ್ನ ಕ್ಷಮೆ ಕೇಳಬೇಕು. ಇಷ್ಟು ವರ್ಷ ಬಾ ಬಾ ಎಂದು ಪೀಡಿಸಿದೆ. ಕಳಿಸುತ್ತೇವೆ ಎಂದಾಗ ನೀನೇ ಬೇಡ ಎಂದೆಯಂತೆ, ಮೋಹಿತ್ ಹೇಳಿದ. ನಿನಗೆ ಇಷ್ಟವಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಇನ್ನು ಕೇಳುವುದಿಲ್ಲ ಬಿಡು.”

ನಾನು ಒಲೆ ಆರಿಸಿದೆ. ಇವರು ಎರಡೂ ಕೈ ಮೇಜಿನ ಮೇಲೆ ಊರಿ ತೆರೆಗೆ ಬಾಗಿದರು. ತವರಿನಲ್ಲಿ ನನ್ನನ್ನು ನೋಡಲು ಬಂದ ದಿನವೂ ಇಷ್ಟು ನೇರವಾಗಿ ಮಾತಾಡಿರಲಿಲ್ಲ.

“ಇಲ್ಲ ಲುಸಿಯಾ. ನನಗೆ ಬರಬೇಕೆಂದಿದೆ. ಆ ಗೋಡೆ ಮುಟ್ಟಬೇಕು. ಮೋಹಿತ್ ಅಲ್ಲ, ನಾನು ಬರಬೇಕಿತ್ತು.”

ಲುಸಿಯಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರೇ ಬಂತು. ಹಿಂದೆ ನಿಂತವರ ಕಡೆ ತಿರುಗಿ, “ನೋಡಿದಿರಾ ಎಂಥ ಸಭ್ಯ ಮನುಷ್ಯ? ನಮಗೆ ಬೇಜಾರಾಗಬಾರದು ಎಂದು ಎಷ್ಟು ಚೆನ್ನಾಗಿ ಹೇಳುತ್ತಾನೆ!” ಎಂದಳು. ಎಲ್ಲರೂ ಪ್ರೀತಿಯಿಂದ ಕೈ ಬೀಸಿದರು.

“ಮುಂದಿನ ವಾರ ಮೋಹಿತ್‌ನನ್ನೂ ಕೂರಿಸಿಕೋ, ಆಗಬಹುದಾ?”

ಇವರು ಮೇಜಿನ ಮೇಲಿನ ಕೈ ತೆಗೆದು ಹಿಂದಕ್ಕೆ ಸರಿದು ಕುಳಿತರು. ಆಮೇಲೆ ನಕ್ಕು, “ಅದಕ್ಕೇನಂತೆ, ಖಂಡಿತ” ಎಂದರು.