ಸಲಾಲಾದ ಬಾಳೆತೋಟದಲ್ಲಿ ಶೀಗಿ ಹುಣ್ಣಿಮೆ

ಮಳೆ ಬಂದರೆ ನಾವು ಗದಗಿನವರು ಏನು ಮಾಡುತ್ತೇವೆ? ಕೈಚೀಲ ತಲೆಯ ಮೇಲೆ ಹೊತ್ತು ಹತ್ತಿರದ ಅಂಗಡಿ ಕಟ್ಟೆಗೆ ಓಡುತ್ತೇವೆ. ಒಮಾನ್ ದೇಶದ ಸಲಾಲಾ ಊರಿಗೆ ಬಂದಿಳಿದ ಮರುದಿನ ನಾನು ಕಂಡದ್ದು ಬೇರೆಯೇ. ಜಿಟಿಜಿಟಿ ಮಳೆಯಲ್ಲಿ, ಬಟ್ಟಬಯಲಿನಲ್ಲಿ, ಜನ ಚಾಪೆ ಹಾಸಿಕೊಂಡು ಕುಳಿತಿದ್ದರು. ಕೊಡೆ ಇಲ್ಲ, ತಾಡಪತ್ರಿ ಇಲ್ಲ. ಹಿರಿಯರು ಚಹಾ ಕುಡಿಯುತ್ತಿದ್ದರು, ಮಕ್ಕಳು ಒದ್ದೆಯಾಗಿ ಕುಣಿಯುತ್ತಿದ್ದರು, ಒಂಟೆಗಳು ರಸ್ತೆಗೆ ಅಡ್ಡ ನಿಂತು ನೆನೆಯುತ್ತಿದ್ದವು. ಮರಳುಗಾಡಿನಿಂದ ಇಡೀ ದಿನ ಗಾಡಿ ಓಡಿಸಿಕೊಂಡು ಅವರು ಬಂದದ್ದು ನೆನೆಯುವುದಕ್ಕೇ ಅಂತೆ. ‘ಶಿವನೇ, ಯಾ ಊರಿಗೆ ಬಂದ್ನೆಪಾ!’ ಎಂದುಕೊಂಡೆ.

ಆ ಮಂಜುಮಳೆಯ ಕಾಲಕ್ಕೆ ಇಲ್ಲಿಯವರು ಖರೀಫ್ ಎನ್ನುತ್ತಾರೆ. ಗದಗಿನ ಹತ್ತಿರದ ನನ್ನ ಹುಟ್ಟೂರು ಹೊಂಬಳದಲ್ಲಿ ಖರೀಫ್ ಎಂದರೆ ಹೆಸರು, ಶೇಂಗಾ, ಬಿತ್ತಿಗೆಯ ಗಡಿಬಿಡಿ. ಇಲ್ಲಿ ಕೈಕಟ್ಟಿ ಕುಳಿತು ತೋಯಿಸಿಕೊಳ್ಳುವುದೇ ಕೆಲಸ. ಅದು ಮುಗಿದ ಮೇಲೆ ಬರುವ ತಂಪಿನ ಕಾಲಕ್ಕೆ ಸರ್ಬ್ ಎಂದು ಹೆಸರು. ಮಂಜು ಸರಿಯುತ್ತದೆ, ಗುಡ್ಡದ ಹಸಿರು ಇನ್ನೂ ಮಾಸಿರುವುದಿಲ್ಲ, ಸಮುದ್ರ ಸುಮ್ಮನಾಗುತ್ತದೆ, ಹಗಲಿಗೂ ನಿದ್ದೆಗಣ್ಣು ಇದ್ದಂತಿರುತ್ತದೆ. ಅಂಥ ಒಂದು ರಜೆಯ ದಿನದ ಮಾತು ಇದು. ನಾನು ಇಲ್ಲಿಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ನನ್ನ ಜಾಗಕ್ಕೆ ಈಗ ಇಲ್ಲಿಯ ಹುಡುಗಿಯರೇ ತಯಾರಾಗಿದ್ದಾರೆ, ಅವರನ್ನು ತಯಾರು ಮಾಡಿದವಳೂ ನಾನೇ. ಹೊಟ್ಟೆಕಿಚ್ಚೇನಿಲ್ಲ. ಊರಿಗೆ ಮರಳುವ ಟಿಕೀಟು ಬಂದಿದೆ.

ಭಾಷೆ ಕಲಿತದ್ದೂ ವಾರ್ಡಿನಲ್ಲೇ. ಅದರ ಫಜೀತಿ ಕೇಳಬೇಡಿ. ‘ಉಸಿರು ಬಿಡು’, ‘ಇನ್ನೊಂಚೂರು ಜೋರು ಹಾಕು’ ಎಂದು ಅರಬ್ಬಿಯಲ್ಲಿ ಗದರಿಸಲು ಬರುತ್ತಿತ್ತು. ಅಂಗಡಿಗೆ ಹೋಗಿ ಉಳ್ಳಾಗಡ್ಡಿ ಕೇಳಲು ಬರುತ್ತಿರಲಿಲ್ಲ. ಮೊದಲ ವರ್ಷವೆಲ್ಲ ತರಕಾರಿಗೆ ಬೆರಳು ತೋರಿಸಿಯೇ ಬದುಕಿದೆ. ಒಂದು ದಿನ ಕೊತ್ತಂಬರಿಯನ್ನು ಹೆಸರು ಹೇಳಿ ಕೊಂಡುತಂದಾಗ ಏನು ಗೆದ್ದೆನೋ ಎನ್ನುವಂತೆ ಬೀಗಿದ್ದೆ.

ಇನ್ನು ಮನೆ. ಉಮ್ ಸಾಲಿಂ ಎಂಬ ವೃದ್ಧೆಯ ಬಾಳೆತೋಟದ ಅಂಚಿನ ಒಂದು ಕೋಣೆ ನನ್ನದು. ಉಮ್ ಸಾಲಿಂ ಎಂದರೆ ಸಾಲಿಂನ ತಾಯಿ. ಹಿರಿಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುವುದು ಇಲ್ಲಿಯ ರೂಢಿ. ನಮ್ಮಲ್ಲಿಯೂ ಓಣಿಯವರು ‘ಈರ್‍ಯಾನ ಅವ್ವ’ ಎನ್ನುವುದಿಲ್ಲವೇ? ಒಂಬತ್ತು ಹೆತ್ತ ಗಟ್ಟಿ ಹೆಂಗಸು. ನಾನು ಬಂದ ಹೊಸದರಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದರೆ, ಬಾಗಿಲು ಬಡಿದು ಖರ್ಜೂರದ ತಟ್ಟೆ ಒಳಗೆ ನೂಕಿ, “ಮೊದ್ಲ ತಿನ್ನು, ಆಮ್ಯಾಲೆ ಅಳು” ಎಂದಿದ್ದರು. ಅರಬ್ಬಿಯಲ್ಲೇ ಅಂದದ್ದು ಅನ್ನಿ. ಆದರೆ ಅವರ ಮಾತು ನನ್ನ ಕಿವಿಗೆ ಇಷ್ಟು ವರ್ಷವೂ ಹೊಂಬಳದ ಮಾತಾಗಿಯೇ ಬಿದ್ದಿದೆ, ಹಾಗೇ ಬರೆಯುತ್ತೇನೆ.

ಇಂಥವರು, ಟಿಕೀಟಿನ ಸುದ್ದಿ ಹೇಳಿದ ದಿನದಿಂದ ನನ್ನೊಂದಿಗೆ ಮಾತು ಬಿಟ್ಟಿದ್ದರು. ಸಲಾಂ ಎಂದರೆ ಮುಖ ತಿರುಗಿಸುವರು. ನನಗೆ ಮದುವೆ ಎನ್ನುವುದು ಕೂಡಿ ಬರಲಿಲ್ಲ. ಹೊಂಬಳದ ಅಣ್ಣನ ಮನೆಯೇ ನನ್ನ ಮನೆ, ಇಲ್ಲಿ ಈ ಮುದುಕಿಯೇ ನನ್ನ ಮಂದಿ. ಅವರ ಸಿಟ್ಟು ಹೊತ್ತುಕೊಂಡು ವಿಮಾನ ಹತ್ತುವುದು ನನ್ನಿಂದ ಆಗದ ಮಾತಾಗಿತ್ತು. ಉಳಿದದ್ದು ಇದೊಂದೇ ರಜೆ. ಅಂದು ಶೀಗಿ ಹುಣ್ಣಿಮೆ ಬೇರೆ, ನಮ್ಮಲ್ಲಿ ಹೊಲಕ್ಕೆ ಬುತ್ತಿ ಒಯ್ದು ಉಣ್ಣುವ ಹಬ್ಬ. ಬುತ್ತಿ ಕಟ್ಟಿ ಅವರದೇ ತೋಟದಲ್ಲಿ ಅವರಿಗೆ ಉಣ್ಣಿಸಿ, ಮುನಿಸು ತಿಳಿ ಮಾಡಬೇಕೆಂದು ಹಟ ಹಿಡಿದೆ.

ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಕಾಯಿ ಎಣಗಾಯಿ, ಕಡಬು, ಮೊಸರನ್ನ. ಬಾಳೆಯ ನೆರಳಲ್ಲಿ ಚಾಪೆ ಹಾಸಿ ಕರೆದೆ. ಬಂದರು, ಆದರೆ ಮಾತಿಲ್ಲ. ಎಲೆಗಳ ನಡುವೆ ಬಿಸಿಲು ತೂಕಡಿಸುತ್ತಿತ್ತು. ದೂರದಲ್ಲಿ ಸಮುದ್ರದ ಸದ್ದು. ಕಣ್ಣು ಮುಚ್ಚಿದರೆ ಹೊಂಬಳದ ಜೋಳದ ಹೊಲ, ತೆರೆದರೆ ತೆಂಗು, ಬಾಳೆ. ಎರಡೂ ಒಂದೇ ಗಾಳಿಗೆ ತೂಗುತ್ತಿದ್ದಂತೆ ನನಗನಿಸಿತು. ಆ ಗುಂಗಿನಲ್ಲೇ ಎದ್ದೆ. ನಮ್ಮ ಪದ್ಧತಿ ನಿಮಗೆ ಗೊತ್ತು, ಹಬ್ಬದ ದಿನ ಹೊಲಕ್ಕೆ ಮೊದಲ ಎಡೆಯಾಗಿ ಚರಗ ಚೆಲ್ಲದೆ ನಾವು ತುತ್ತು ಎತ್ತುವುದಿಲ್ಲ. ಬುಟ್ಟಿಯಿಂದ ರೊಟ್ಟಿ ಮುರಿದು, ಅನ್ನ ಕಲಸಿ, “ಹುಲ್ಲುಲ್ಲಿಗೋ...” ಎನ್ನುತ್ತ ತೋಟದ ನಾಲ್ಕೂ ದಿಕ್ಕಿಗೆ ಎರಚಿದೆ.

“ಸಾವಿತ್ರಿ!”

ಉಮ್ ಸಾಲಿಂ ಎದ್ದು ನಿಂತಿದ್ದರು. ಮಂಡಿನೋವಿನ ಆ ಹೆಂಗಸು ಬಗ್ಗಿ ಬಗ್ಗಿ ಮಣ್ಣಿನಿಂದ ರೊಟ್ಟಿ ಚೂರು ಆರಿಸುತ್ತಿದ್ದರು. ಒಂದೊಂದನ್ನೂ ಊದಿ, ಮುತ್ತಿಟ್ಟು, ಹಕ್ಕಿಗಾದರೂ ಆಗಲೆಂದು ಗೋಡೆಯ ಮೇಲೆ ಇಡುತ್ತಿದ್ದರು. “ದೇವ್ರು ಕೊಟ್ಟ ಅನ್ನ ಮಣ್ಣಾಗ ಒಗಿತೀಯಲ್ಲ! ನಮ್ಮ ಮನಿ ಋಣ ತೀರ್‍ತು ಅಂತ ಹಿಂಗ ತೋರಸ್ತೀ ಏನು?” ಎಂದರು.

ಅನ್ನ ನೆಲಕ್ಕೆ ಬಿದ್ದರೆ ಇಲ್ಲಿಯವರಿಗೆ ಎಷ್ಟು ನೋವು ಎಂದು ನೋಡಿಯೂ ಮರೆತಿದ್ದೆನಲ್ಲ! ರಾಜಿ ಮಾಡಿಕೊಳ್ಳಲು ಹೋಗಿ ಗಾಯದ ಮೇಲೆ ಬರೆ ಎಳೆದಿದ್ದೆ. ಹಬ್ಬಕ್ಕೆ, ಹೊಲಕ್ಕೆ, ಚರಗಕ್ಕೆ ಅರಬ್ಬಿಯಲ್ಲಿ ಏನೆನ್ನುತ್ತಾರೋ ನನಗೆ ಬಾರದು. ಬಾಯಿಗೆ ಬಂದದ್ದು ವಾರ್ಡಿನ ಶಬ್ದವೇ. ನೆಲ ಮುಟ್ಟಿ, “ಹಾಮಿಲ್” ಎಂದೆ. ಬಸುರಿ. “ಪೈರು ತುಂಬ್ಯಾವು, ಭೂಮ್ತಾಯಿ ಬಸುರಿ ಅದಾಳ. ಆಕಿಗೆ ಬಯಕಿ ಊಟ ಇದು. ಒಗದದ್ದಲ್ಲ, ಉಣಿಸಿದ್ದು.”

ಅವರು ಗೋಡೆಯ ಬಳಿಯೇ ನಿಂತರು. ನಾನು ಮುಟ್ಟಿದ ನೆಲವನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಬಸುರಿಗೆ ಯಾರರ ಊಟ ಒಗದು ಕೊಡ್ತಾರೇನು?”

ನನ್ನ ಕೈಯ ಬುಟ್ಟಿ ಇಸಿದುಕೊಂಡರು. ಕಷ್ಟಪಟ್ಟು ಕುಕ್ಕರಗಾಲಲ್ಲಿ ಕುಳಿತು, ಬಾಳೆಯ ಬುಡದಲ್ಲಿ ಬೆರಳಿನಿಂದ ಮಣ್ಣು ಸರಿಸಿ, ‘ಬಿಸ್ಮಿಲ್ಲಾ’ ಎನ್ನುತ್ತ ಕಡಬು ಇಟ್ಟರು. ಮಗಳ ಬಾಯಿ ಒರೆಸಿದಂತೆ ಮೇಲಿನ ಮಣ್ಣು ಸವರಿದರು. ನಾನೂ ಪಕ್ಕದಲ್ಲಿ ಕುಳಿತು ಇಟ್ಟೆ. ಗಿಡದಿಂದ ಗಿಡಕ್ಕೆ ಹಾಗೆಯೇ ಹೋದೆವು. ಊರಲ್ಲಿ ಎಷ್ಟೋ ವರ್ಷ ಚರಗ ಚೆಲ್ಲಿದ್ದೇನೆ, ನೆಲವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಕೊನೆಯ ಗಿಡದ ಹತ್ತಿರ ಅವರು ನನ್ನ ಮುಖ ನೋಡಿದರು. “ನರ್ಸು ನೀನು. ತುಂಬಿದ ಬಸುರಿ ಬಿಟ್ಟು ಎದ್ದು ಹೊಂಟೀಯಲ್ಲ, ಬಿಂತಿ.” ಬಿಂತಿ ಎಂದರೆ ಮಗಳೇ. ಅಷ್ಟು ದಿನ ತಡೆದಿಟ್ಟ ಅಳು ಆಗ ಬಂತು ನೋಡಿ, ನಾಚಿಕೆ ಬಿಟ್ಟು ಅತ್ತೆ. ಅಳುತ್ತಲೇ ಹೇಳಿದೆ, “ನರ್ಸು ಹಂಗ ಹೋಗೂದಿಲ್ರೀ. ಮುಂದಿನ ನರ್ಸಿಗೆ ಎಲ್ಲಾ ಹೇಳಿ, ಚಾರ್ಜ್ ಕೊಟ್ಟ ಹೋಗ್ತಾಳ. ಈ ಭೂಮ್ತಾಯಿನ್ನ ನಿಮ್ಮ ಕೈಯಾಗ ಕೊಟ್ಟೀನಿ.”

“ಮತ್ತ ನಿನ್ನ ಯಾರ ಕೈಯಾಗ ಕೊಡಲಿ?”

ಫೋನು ತೆಗೆದು ಹೊಂಬಳಕ್ಕೆ ವಿಡಿಯೋ ಹಚ್ಚಿದೆ. ನನ್ನ ಅಣ್ಣನ ಹೆಂಡತಿ ನೀಲವ್ವ ವೈನಿ ಹೊಲದಲ್ಲೇ ಇದ್ದರು, ಹಿಂದೆ ಜೋಳದ ಪೈರು ತೂಗುತ್ತಿತ್ತು. “ಏನವಾ ಸಾವಿತ್ರಿ, ಕಣ್ಯಾಕ ಕೆಂಪಗಾಗ್ಯಾವ?” ಎನ್ನುವಷ್ಟರಲ್ಲಿ ಉಮ್ ಸಾಲಿಂ ಫೋನು ಕಸಿದುಕೊಂಡರು.

ಅರಬ್ಬಿಯಲ್ಲಿ ಶುರುವಾಯಿತು. ಇವಳು ಮುಂಜಾನೆ ಏನೂ ತಿನ್ನುವುದಿಲ್ಲ, ಬಡಿದು ತಿನ್ನಿಸು. ತಂಪು ಗಾಳಿ ಬಂದರೆ ಕೆಮ್ಮುತ್ತಾಳೆ. ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತಾಳೆ, ಆಗ ಮಾತಾಡಿಸಬೇಡ. ಬಾಗಿಲು ಹಾಕಿಕೊಂಡರೆ ಅಳುತ್ತಿದ್ದಾಳೆ ಎಂದರ್ಥ, ತಟ್ಟು. ವೈನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಸೆರಗು ತಲೆಯ ಮೇಲೆ ಹೊದ್ದುಕೊಂಡು, ನೆಟ್ಟಗೆ ನಿಂತು ಪೂರ್ತಿ ಕೇಳಿಸಿಕೊಂಡರು. “ಹೂಂನ್ರೀ ಯವ್ವಾರ... ಆತ್ರೀ... ನೋಡ್ಕೋತೀನ್ರೀ” ಎಂದರು.

ಭಾಷಾಂತರ ಮಾಡಬೇಕಾದವಳು ನಾನೊಬ್ಬಳೇ ಇದ್ದೆ. ಅದನ್ನು ಬಿಟ್ಟು, ಫೋನಿನ ಮೇಲೆ ಬಿಸಿಲು ಬೀಳದಂತೆ ಬಾಳೆಯೆಲೆ ಅಡ್ಡ ಹಿಡಿದೆ. ಆ ಕಡೆ ಒಬ್ಬರು ನನ್ನನ್ನು ತೆಗೆದುಕೊಳ್ಳಲು ಕೈ ಚಾಚಿದ್ದರು, ಈ ಕಡೆ ಒಬ್ಬರು ಇನ್ನೂ ಕೈ ಬಿಟ್ಟಿರಲಿಲ್ಲ.