ಅಣ್ಣನ ಟೋಕನ್ ಹಿಡಿದು ಕೂತದ್ದು

ಕಾಪುವಿನಲ್ಲಿ ನಾನು ಅಣಕಿಸದ ಮನುಷ್ಯ ಉಳಿದಿಲ್ಲ. ಮೀನು ಮಾರುವ ನನ್ನಮ್ಮ ಬಂಗುಡೆಯ ಕಿವಿರು ಎತ್ತಿ ತೋರಿಸುತ್ತಾ ಗಿರಾಕಿಯನ್ನು ಗದರುವುದನ್ನು ಅವಳ ಎದುರೇ ಮಾಡಿ ಪೆಟ್ಟು ತಿಂದಿದ್ದೇನೆ. ನನ್ನ ನಡಿಗೆಯನ್ನು ನಾನೇ ಮಾಡಿ ತೋರಿಸುವುದೂ ಉಂಟು, ಕೊಕ್ಕರೆಗೆ ಚಪ್ಪಲಿ ಹಾಕಿದ ಹಾಗೆ ಕಾಣುತ್ತದೆ. ಆದರೆ ಜನ ಹೆಚ್ಚು ನಗುವುದು ಅಣ್ಣನದ್ದಕ್ಕೆ. ಅಣ್ಣ ಕಾರ್ಕಳ–ಮಣಿಪಾಲ–ಉಡುಪಿ ಖಾಸಗಿ ಬಸ್ಸಿನ ಡ್ರೈವರ್. ಅವನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಇರುವುದು ಕೆಲವೇ ನಿಮಿಷ. ತಡವಾದರೆ ಟೈಮ್ ಕೀಪರ್ ಬೈಯುತ್ತಾನೆ, ಹಿಂದಿನವ ಹಾರ್ನ್ ಹೊಡೆದು ಹೊಡೆದು ಜೀವ ತಿನ್ನುತ್ತಾನೆ. ಆ ಮುಖ, ಆ ಗೇರು, ಕಿಟಕಿಯಿಂದ ಹೊರಗೆ ಬೀಸುವ ಆ ಕೈ, ಎಲ್ಲ ನನಗೆ ಬಾಯಿಪಾಠ.

ಕಳೆದ ವರ್ಷ ಒಂದು ಮಧ್ಯಾಹ್ನ ಅವನು ಮಣಿಪಾಲದಲ್ಲಿ ಬಸ್ಸನ್ನು ಬದಿಗೆ ನಿಲ್ಲಿಸಿ, ಇಳಿದು, ಎದೆ ಹಿಡಿದುಕೊಂಡು ನೆಲದಲ್ಲಿ ಕೂತುಬಿಟ್ಟ. ತಾನು ಸಾಯುತ್ತಿದ್ದೇನೆ ಎಂದನಂತೆ. ಕಂಡಕ್ಟರ್ ಆಸ್ಪತ್ರೆಗೆ ಒಯ್ದ. ಇಸಿಜಿ ಸರಿ, ರಕ್ತ ಸರಿ. ಎಂತ ಇಲ್ಲ ಎಂದು ಮನೆಗೆ ಕಳಿಸಿದರು. ಅಮ್ಮ ಗ್ಯಾಸ್ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಕೊಟ್ಟಳು. ಮತ್ತೊಮ್ಮೆ ಹಾಗೇ ಆಯಿತು, ಮತ್ತೊಮ್ಮೆ ಕಷಾಯ. ಮೂರನೇ ಸಲ ಹೃದಯದ ಡಾಕ್ಟರೇ ಚೀಟಿ ಬರೆದು, ಮನೋರೋಗದ ಡಾಕ್ಟರಿಗೆ ತೋರಿಸಿ ಎಂದರು.

ಅಣ್ಣನಿಗೆ ಕಾಯಿಲೆಗಿಂತ ಆ ಚೀಟಿಯದ್ದೇ ಹೆದರಿಕೆ. ಮಣಿಪಾಲಕ್ಕೆ ಬರುವ ಅರ್ಧ ರೋಗಿಗಳು ಅವನ ಬಸ್ಸಿನಲ್ಲೇ ಬರುವವರು. ಅದಕ್ಕೆ ನನ್ನ ಸ್ಕೂಟರಿನಲ್ಲಿ ಬಂದು, ಡಾಕ್ಟರ ಬಾಗಿಲಿನವರೆಗೂ ಹೆಲ್ಮೆಟ್ ತೆಗೆಯಲಿಲ್ಲ. ಆದರೂ ಹಿರಿಯಡ್ಕದ ಒಬ್ಬಳು ಹೆಂಗಸು ನಿಂತ ಭಂಗಿಯಲ್ಲೇ ಗುರುತು ಹಿಡಿದಳು. "ಎಂತ ಡ್ರೈವರಣ್ಣ, ಇಲ್ಲಿ?"

"ತಮ್ಮನಿಗೆ ಸ್ವಲ್ಪ ತೊಂದರೆ ಉಂಟು" ಎಂದು ಅಣ್ಣ ನನ್ನನ್ನು ತೋರಿಸಿದ. ಅವಳು ನನ್ನನ್ನೊಮ್ಮೆ ನೋಡಿದಳು. ಮತ್ತೆ ಪ್ರಶ್ನೆ ಕೇಳದೆ ನಂಬಿದಳು.

ಒಳಗೆ ಅಣ್ಣನದ್ದು ಒಂದೇ ಮಾತು. ಎಂತ ಇಲ್ಲ ಮೇಡಂ, ಸ್ವಲ್ಪ ಎದೆ, ಅಷ್ಟೆ. ನನಗೆ ತಡೆಯಲಿಲ್ಲ. ಒಮ್ಮೆ ಮನೆಯಲ್ಲೇ ನೋಡಿದ್ದನ್ನು ಎದ್ದು ನಿಂತು ಮಾಡಿ ತೋರಿಸಿದೆ: ಬೆರಳುಗಳು ಮರಗಟ್ಟಿ ಸೆಟೆದುಕೊಳ್ಳುವುದು, ಉಸಿರು ಮೇಲಿಂದ ಮೇಲೆ ಬಂದರೂ ಸಾಲದೆ ಹೋಗುವುದು, ಕಣ್ಣು ಬಾಗಿಲನ್ನು ಹುಡುಕುವುದು. ಡಾಕ್ಟರಮ್ಮ ನಗಲಿಲ್ಲ, ಬರೆದುಕೊಂಡರು. ಅಣ್ಣ ನೆಲ ನೋಡುತ್ತಾ ಹೌದು ಎಂದ.

ಇದು ಹೃದಯದ್ದಲ್ಲ, ಹುಚ್ಚೂ ಅಲ್ಲ, ಪ್ಯಾನಿಕ್ ಎಂದರು ಅವರು. ದೇಹದೊಳಗಿನ ಅಪಾಯದ ಗಂಟೆ ಅಪಾಯವಿಲ್ಲದೆಯೂ ಬಡಿದುಕೊಳ್ಳುತ್ತದೆ, ಹೆದರಿಕೆ ನಿಜ, ಆದರೆ ಅದರಿಂದ ಸಾಯುವುದಿಲ್ಲ. ದಿನಾ ಒಂದು ಮಾತ್ರೆ, ಗುಣ ಕಾಣಲು ಕೆಲವು ವಾರ ಬೇಕು. ಜೊತೆಗೆ ಕೌನ್ಸೆಲರ್ ಹತ್ತಿರ ಕೂತು ಮಾತು. ತಾವು ಹೇಳುವವರೆಗೆ ಸ್ಟೇರಿಂಗ್ ಹಿಡಿಯಬಾರದು, ಗುಣವಾಯಿತೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸಲೂಬಾರದು.

ಬಸ್ಸಿನ ಧಣಿಯ ಹತ್ತಿರ ಅಣ್ಣ ಸೊಂಟ ನೋವು ಎಂದು ರಜೆ ಹಾಕಿದ. ನಿಜವಾಗಿ ಗುಣವಾಗತೊಡಗಿತು. ಊಟ ಮಾಡಿದ, ನಿದ್ದೆ ಮಾಡಿದ, ನನಗೆ ಬೈದ. ಮೂರು ತಿಂಗಳ ಮೇಲೆ ಡಾಕ್ಟರಮ್ಮನೇ ಬಸ್ಸಿಗೆ ಹೋಗಬಹುದು ಎಂದರು, ಮಾತ್ರೆ ಮಾತ್ರ ಮುಂದುವರಿಯಲಿ ಎಂದರು.

ಅಲ್ಲಿಗೆ ಮುಗಿಸಿದ್ದರೆ ಆಗುತ್ತಿತ್ತು. ಕಾರ್ಕಳದಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ಊಟವಾದ ಮೇಲೆ ಎಲ್ಲರೂ, ಹೇ ಮಾರಾಯ, ಎಂತಾದರೂ ಮಾಡು ಎಂದರು. ಟೈಮ್ ಕೀಪರನನ್ನು ಮಾಡಿದೆ, ಧಣಿಯನ್ನು ಮಾಡಿದೆ, ಬಸ್ಸು ಓಡಿಸುವ ಅಣ್ಣನನ್ನು ಮಾಡಿದೆ. ನಗು ಏರಿತು, ನನಗೂ ಏರಿತು. ಕೈ ತಾನಾಗಿ ಎದೆಗೆ ಹೋಯಿತು, ಬೆರಳು ಸೆಟೆದವು, ಉಸಿರು ಓಡಿತು. ಡಾಕ್ಟರ ಕೋಣೆಯಲ್ಲಿ ಮಾಡಿದ್ದೇ, ಆದರೆ ಇಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ನಿಜ ಎಂದು ಅವರಿಗೆ ಯಾರಿಗೂ ಗೊತ್ತಿರಲಿಲ್ಲ. ಅಣ್ಣನೂ ನಕ್ಕ. ಚಪ್ಪಾಳೆ ಸಹ ತಟ್ಟಿದ.

ಅಣ್ಣ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಬಂದ. ಶಿರ್ವ ದಾಟಿದ ಮೇಲೆ ಮೆಲ್ಲ ಹೇಳಿದ, "ನೀನು ಮಾಡುವಾಗ ನೋಡಲಿಕ್ಕೆ ತಮಾಷೆ ಉಂಟು. ನನಗೂ ನಗೆ ಬಂತು. ಇಷ್ಟಕ್ಕೆಲ್ಲ ನಾನು ಮದ್ದು ತಿನ್ನುವುದಾ?"

ಕ್ಷಮೆ ಕೇಳಲು ಬಾಯಿ ತೆರೆದೆ. ಊರಿನವರೆಲ್ಲರ ದನಿ ಇರುವ ಬಾಯಿ, ಆಗ ಒಂದೂ ಹೊರಡಲಿಲ್ಲ.

ಮಾತ್ರೆ ನಿಂತಿತು. ಕೇಳಿದರೆ ಸರಿ ಇದ್ದೇನಲ್ಲ ಎನ್ನುತ್ತಾನೆ. ಮೊನ್ನೆ ಅವನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದೆ. ಪರ್ಕಳ ದಾಟುವಾಗ ಅವನ ಎಡಗೈ ಗೇರು ಬಿಟ್ಟು ತೊಡೆಯ ಮೇಲೆ ಉಜ್ಜಿಕೊಳ್ಳತೊಡಗಿತು, ಬೆರಳು ಮಡಚಿ ಬಿಡಿಸಿ, ಮಡಚಿ ಬಿಡಿಸಿ. ಅದರ ಮುಂದೆ ಎಂತ ಬರುತ್ತದೆಂದು ನನಗೆ ಗೊತ್ತು. ಅಂದು ಬರಲಿಲ್ಲ, ಅಷ್ಟೆ. ನನ್ನ ಹಿಂದೆ ಬಸ್ಸು ತುಂಬ ಜನ. ಅಮ್ಮನಿಗೆ ಹೇಳಿದರೆ ಕಷಾಯಕ್ಕೆ ನೀರಿಟ್ಟಳು. ನಾಳೆ ಧಣಿಗೆ ಹೇಳುತ್ತೇನೆ ಎಂದು ಅಣ್ಣನನ್ನೇ ಹೆದರಿಸಿದೆ. "ಹೇಳು. ನನ್ನ ಕೆಲಸ ಹೋದ ಮೇಲೆ ಅದನ್ನೂ ಮಾಡಿ ತೋರಿಸು" ಎಂದ.

ಕೊನೆಗೆ ನನಗೆ ಬರುವ ಒಂದೇ ವಿದ್ಯೆ ಬಳಸಿದೆ. ಅಣ್ಣನ ದನಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಗುರುವಾರಕ್ಕೆ ಹೆಸರು ಬರೆಸಿದೆ. ಅವನಿಗೂ ಹೇಳಿದೆ, ಮಣಿಪಾಲದಲ್ಲಿ ಇಳಿ, ಬದಲಿ ಡ್ರೈವರಿಗೆ ಕಂಡಕ್ಟರ್ ಹೇಳಿದ್ದಾನೆ. ನೋಡುವ ಎಂದ.

ಗುರುವಾರ ಅವನ ಟೋಕನ್ ಹಿಡಿದು ಆಸ್ಪತ್ರೆಯ ಒಳಗೆ ರಸ್ತೆ ಕಾಣುವ ಕಿಟಕಿಯ ಬೆಂಚಿನಲ್ಲಿ ಕೂತೆ. ಹೊರಗೆ ಹಾರ್ನ್ ಕೇಳಿತು, ಎರಡು ಗಿಡ್ಡ, ಒಂದು ಉದ್ದ. ಹಾಗೆ ಹೊಡೆಯುವವನು ಆ ರೂಟಿನಲ್ಲಿ ಅವನೊಬ್ಬನೇ. ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಆಗಲೇ ನಂಬರ್ ಕರೆದರು. ಎದ್ದು ನಿಂತೆ. ಸಿಸ್ಟರ್ ಫೈಲು ನೋಡಿ, ನನ್ನ ಮುಖ ನೋಡಿ, ಪೇಷೆಂಟ್ ನೀವಾ ಎಂದರು.

"ಅಲ್ಲ ಸಿಸ್ಟರ್, ಅವರು ಈಗಷ್ಟೇ ಉಡುಪಿ ಕಡೆ ಹೋದರು."

ನಾನು ನನ್ನದೇ ದನಿಯಲ್ಲಿ ಹೇಳಿದ್ದು. ತಮಾಷೆ ಮಾಡಬೇಡಿ ಎಂದು ಬೈದು ಅವರು ಮುಂದಿನ ನಂಬರ್ ಕರೆದರು.