ಮಾತಿಲ್ಲದ ವೀರನಾರಿ

ಸಜ್ಜನರೇ, ಮನಸ್ಸನ್ನು ಕೊಂಚ ಹೊತ್ತು ಇತ್ತ ತಂದು ಕೇಳಿ. ಹಳದೀಪುರದ ಶ್ರೀಗೌರಿ ಸಂತಳಲ್ಲ, ದಾನಿಯೂ ಅಲ್ಲ. ಭಟ್ಕಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮನುಷ್ಯನನ್ನು ಪರೀಕ್ಷಿಸಲು ಭಗವಂತನು ಗುಡಿಯ ಹೊಸ್ತಿಲನ್ನೇ ಆರಿಸಿಕೊಳ್ಳುವನೆಂಬ ನಿಯಮವೇನೂ ಇಲ್ಲ. ಇವಳನ್ನು ಅವನು ಪರೀಕ್ಷಿಸಿದ್ದು ಕಾಮಿಕ್ಸ್ ಪುಸ್ತಕದಲ್ಲಿ.

ಅತಿಮಾನುಷ ವೀರರ ಕಾಮಿಕ್ಸ್‌ಗಳಲ್ಲಿ ಗಂಡುಹೆಣ್ಣಿನ ಪಾತ್ರಗಳನ್ನು ಹೇಗೆ ಕಟ್ಟಿದ್ದಾರೆ ಎಂಬುದು ಅವಳ ಡಾಕ್ಟರೇಟ್ ಸಂಶೋಧನೆಯ ವಿಷಯ. ಮಕ್ಕಳ ಪುಸ್ತಕ ಓದಿ ಪದವಿ ಪಡೆಯುವ ಕಾಲ ಬಂತೆಂದು ನೆರೆಯವರು ನಗುತ್ತಿದ್ದರು. ಅವಳು ಬಸ್ಸಿನಲ್ಲೂ ಪುಟ ತಿರುವುತ್ತಿದ್ದಳು. ತಾನು ಆರಿಸಿಕೊಂಡ ಒಂದು ಮಾಲಿಕೆಯಲ್ಲಿ ನಾಯಕಿಯು ನಾಯಕನಿಗೆ ಸರಿಸಮಳು ಎಂಬುದು ಅವಳ ಮುಖ್ಯ ನಿರ್ಣಯ. ನಾಯಕಿ ಹಾರುತ್ತಾಳೆ, ಹೊಡೆಯುತ್ತಾಳೆ, ಕುಸಿಯುವ ಸೇತುವೆಯನ್ನು ಎತ್ತಿ ಹಿಡಿಯುತ್ತಾಳೆ, ಇನ್ನೇನು ಬೇಕು? ಕುಮಟೆಯ ವಿಚಾರಗೋಷ್ಠಿಗೆ ಅದರ ಸಾರಾಂಶವೂ ಅಚ್ಚಾಯಿತು. ಗೋಷ್ಠಿ ಮುಗಿದೊಡನೆ ಪ್ರಬಂಧ ಸಲ್ಲಿಸಿದರೆ, ಆ ವರ್ಷವೇ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು.

ಅವಳ ಸೋದರತ್ತೆ ಮಹಾಲಕ್ಷ್ಮೀ ಊರಿನ ಮಹಿಳಾ ತಾಳಮದ್ದಲೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ, ಬರಿಯ ಮಾತಿನಿಂದ ಪಾತ್ರದ ಪರವಾಗಿ ವಾದಿಸಬೇಕು. ಆ ಮಾತಿಗೇ ಅರ್ಥವೆಂದು ಹೆಸರು. ಪಾತ್ರ ದುಷ್ಟನದ್ದಾದರೂ ಅವನ ನ್ಯಾಯವನ್ನು ಪೂರ್ಣವಾಗಿ ಆಡಿ ತೋರಿಸುವುದು ಆ ಕಲೆಯ ಧರ್ಮ. ಎದುರಾಳಿಯ ಮನಸ್ಸಿನಲ್ಲಿ ಒಂದು ಗಳಿಗೆ ಕುಳಿತುಬರುವುದು ಕೂಡ ಒಂದು ತಪಸ್ಸೇ ಅಲ್ಲವೇ?

ಗೋಷ್ಠಿಗೆ ಕೆಲವು ದಿನಗಳ ಮುಂಚೆ ಶ್ರೀಗೌರಿ ತಮಾಷೆಗಾಗಿ, ತನ್ನ ನಾಯಕಿಗೆ ಅರ್ಥ ಹೇಳುವಂತೆ ಅತ್ತೆಯನ್ನು ಕೇಳಿಕೊಂಡಳು. ಕನ್ನಡಕ ದುರಸ್ತಿಗೆ ಹೋಗಿದ್ದುದರಿಂದ ಅತ್ತೆ ಚಿತ್ರ ನೋಡಲಿಲ್ಲ, ಮಾತುಗಳನ್ನಷ್ಟೇ ಓದಿಸಿಕೊಂಡರು. ನಾಯಕಿ ಆಡಿದ್ದು ‘ಬೇಗ ಬಾ’, ‘ಗಾಯವಾಯಿತೇ’, ‘ನೀನು ಹೇಳಿದಂತೆಯೇ ಆಗಲಿ’ ಎಂಬಷ್ಟು ಮಾತ್ರ.

“ನಿನ್ನ ನಾಯಕಿಗೆ ಎಂತ ಬೇಕಾಗಿದ್ದು, ತಂಗಿ?” ಅತ್ತೆ ಕೇಳಿದರು.

“ಸೇತುವೆಯನ್ನೇ ಎತ್ತಿ ಹಿಡೀತಲೇ ಅತ್ತೆ.”

“ಆತು, ಹಿಡೀತು. ಎಂತಕ್ಕೆ?”

“ನಾಯಕ ದಾಟಲಿ ಹೇಳಿ.”

“ಹಂಗಾರೆ ಅದು ಕಂಬ. ಕಂಬಕ್ಕೆ ಅರ್ಥ ಹೇಳಲೆ ಯಂಗೆ ಬತ್ತಿಲ್ಲೆ.”

ಶ್ರೀಗೌರಿ ನಕ್ಕಳು. ಬಳಿಕ ಅತ್ತೆ ಕಥೆಯ ಖಳನಾಯಕಿಯ ಮಾತು ಓದಿಸಿದರು. ಅವಳ ಕಣಿವೆಯ ಹೊಳೆಯನ್ನು ನಾಯಕನ ನಗರಕ್ಕೆ ತಿರುಗಿಸಿದ್ದರು. ಅದನ್ನು ಮರಳಿ ತರಲು ಅವಳು ಯುದ್ಧ ಹೂಡಿದ್ದಳು. ಅವಳ ಪರವಾಗಿ ಅತ್ತೆ ಅಡುಗೆಮನೆಯಲ್ಲೇ ಕುಳಿತು, ಒಲೆಯ ಮೇಲಿನ ಹಾಲು ಉಕ್ಕುವವರೆಗೆ ವಾದಿಸಿದರು.

ಅಂದು ಶ್ರೀಗೌರಿ ಮಾಲಿಕೆಯನ್ನೆಲ್ಲ ಮೊದಲಿನಿಂದ ಓದಲು ಕುಳಿತಳು, ಈ ಸಲ ಮಾತುಗಳನ್ನು ಮಾತ್ರ. ಒಳ್ಳೆಯ ಹೆಣ್ಣಿಗೆ ಬಲವಿತ್ತು, ತನ್ನದೆಂಬ ಇಚ್ಛೆಯಿರಲಿಲ್ಲ. ಇಚ್ಛೆಯಿದ್ದ ಹೆಣ್ಣನ್ನು ಪ್ರತಿ ಕಥೆಯಲ್ಲೂ ಕೆಟ್ಟವಳನ್ನಾಗಿಯೇ ಬರೆದಿದ್ದರು. ನಾಯಕಿ ಸರಿಸಮಳೆಂಬ ಶ್ರೀಗೌರಿಯ ನಿರ್ಣಯ ನಿಲ್ಲುವಂತಿರಲಿಲ್ಲ.

ಅವಳು ಮಾರ್ಗದರ್ಶಕರಾದ ತ್ರ್ಯಂಬಕರಿಗೆ ಇದನ್ನು ತಿಳಿಸಿದಳು. ಅವರು ಕೇಡು ಬಯಸಿದವರಲ್ಲ.

“ಅಚ್ಚಾದದ್ದನ್ನು ಓದಿಬಿಡಿ, ಶ್ರೀಗೌರಿ. ಅಲ್ಲಿ ಆ ಕಾಮಿಕ್ಸ್ ಓದಿದವರು ಯಾರಿದ್ದಾರೆ? ತಿದ್ದೋದು ಆಮೇಲೆ ತಿದ್ದಿದರಾತು.”

ಅವರು ಹೇಳಿದ್ದು ನಿಜವೇ ಆಗಿತ್ತು. ಸಭೆಯಲ್ಲಿ ಆ ಪುಸ್ತಕಗಳನ್ನು ಕಂಡವರಿರಲಿಲ್ಲ. ತಪ್ಪು ಹಿಡಿಯಬಲ್ಲವಳು ಅವಳೊಬ್ಬಳೇ.

ಗೋಷ್ಠಿಯ ದಿನ ಶ್ರೀಗೌರಿ ವೇದಿಕೆಯಲ್ಲಿ ಹಾಳೆ ತೆರೆಯದೆ ಹೇಳಿದಳು: “ನಿಮ್ಮ ಕೈಯಲ್ಲಿರುವ ಸಾರಾಂಶದ ನಿರ್ಣಯ ತಪ್ಪು. ನಾನು ಚಿತ್ರ ನೋಡಿದ್ದೆ, ಮಾತು ಕೇಳಿರಲಿಲ್ಲ.” ಅನಂತರ ತಪ್ಪು ಎಲ್ಲಿ ನಡೆಯಿತೆಂದು ಪುಟಪುಟವಾಗಿ ವಿವರಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಡೀ ಅಧ್ಯಾಯವನ್ನು ಹೊಸದಾಗಿ ಬರೆಯಬೇಕೆಂದು ತ್ರ್ಯಂಬಕರು ಒಪ್ಪಿದರು. ಪ್ರಬಂಧ ಮುಂದಕ್ಕೆ ಹೋಯಿತು. ಹುದ್ದೆಯ ಅರ್ಜಿಯ ಗಡುವು ದಾಟಿತು. ಈಗಲೂ ಅವಳು ಅತಿಥಿ ಉಪನ್ಯಾಸಕಿಯೇ.

ಬಂಧುಗಳೇ, ನೀವು ಆಡಿದ ಮಾತು ಸುಳ್ಳೆಂದು ನಿಮಗೊಬ್ಬರಿಗೇ ತಿಳಿಯುವ ದಿನವೊಂದು ಬಂದೀತು. ಅಂದು ಯಾರೂ ಕೇಳುವ ಮೊದಲೇ, ಆ ಮಾತನ್ನು ಕೇಳಿಸಿಕೊಂಡವರ ಎದುರಿಗೇ ನಿಂತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ.